ಇತಿಹಾಸದ ಎರಡು ಪತ್ರಿಕೆಗಳು: ‘ಸ್ಟಾರ್ ಟ್ರೆಕ್’ ಸರಣಿಯ ಒಂದು ಕಂತಿನ ವಿಮರ್ಶೆ

ಸಂಶೋಧನ ಸಂಚಿಕೆಯೊಂದರಲ್ಲಿ ದೂರದರ್ಶನದ ವೈಜ್ಞಾನಿಕ ಕಲ್ಪನಾಕಥೆಯನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ತೋರೀತು. ಆದರೆ ಕಥೆಯ ವಸ್ತುವೇ ಇತಿಹಾಸವಾಗಿರುವಾಗ ಅದನ್ನು ಪರೀಕ್ಷಿಸುವ ಹೊಣೆಯಿಂದ ಇತಿಹಾಸದ ಅಧ್ಯಾಪಕನು ನುಣುಚಿಕೊಳ್ಳಲಾಗದು. ಅಮೆರಿಕದ ‘ಸ್ಟಾರ್ ಟ್ರೆಕ್’ ಸರಣಿಯಲ್ಲಿ 1967ನೆಯ ಏಪ್ರಿಲ್ 6ರಂದು ಮೊದಲು ಪ್ರಸಾರವಾದ ‘ದ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಕಂತನ್ನು ನಾವು ಈಚೆಗೆ ಮಿಜಾರಿನಲ್ಲಿ ಪದವಿ ತರಗತಿಯ ಕೆಲವು ವಿದ್ಯಾರ್ಥಿಗಳೊಡನೆ ನೋಡಿದೆವು. ಹಾರ್ಲನ್ ಎಲಿಸನ್ ಬರೆದು ಜೋಸೆಫ್ ಪೆವ್ನಿ ನಿರ್ದೇಶಿಸಿದ ಈ ಕಂತು 1968ರಲ್ಲಿ ಹ್ಯೂಗೋ ಪ್ರಶಸ್ತಿಗೆ ಪಾತ್ರವಾಯಿತು. ಆ ಗೌರವಕ್ಕೆ ಅದು ಅರ್ಹವೇ. ನಮ್ಮ ತಕರಾರು ಬೇರೆ.

ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಔಷಧದ ಅತಿಮಾತ್ರೆಯಿಂದ ಬುದ್ಧಿಭ್ರಮಣೆಗೊಂಡ ನೌಕೆಯ ವೈದ್ಯ ಮೆಕಾಯ್, ಅಜ್ಞಾತ ಗ್ರಹವೊಂದರಲ್ಲಿರುವ ಕಾಲದ್ವಾರದೊಳಕ್ಕೆ ಧುಮುಕಿ ಭೂತಕಾಲವನ್ನು ಸೇರುತ್ತಾನೆ. ಒಡನೆಯೇ ಇತಿಹಾಸ ಬದಲಾಗಿ, ಮೇಲೆ ಸುತ್ತುತ್ತಿದ್ದ ನೌಕೆಯೇ ಇಲ್ಲವಾಗುತ್ತದೆ. ಅವನನ್ನು ಹಿಂಬಾಲಿಸಿ ನಾಯಕ ಕರ್ಕನೂ ಅವನ ಸಹಾಯಕ ಸ್ಪಾಕನೂ 1930ರ ನ್ಯೂಯಾರ್ಕಿಗೆ ಬರುತ್ತಾರೆ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ನಿರುದ್ಯೋಗಿಗಳಿಗೆ ಗಂಜಿಯನ್ನೂ ಆಶೆಯನ್ನೂ ಒಟ್ಟಿಗೆ ಬಡಿಸುತ್ತಿರುವ ಈಡಿತ್ ಕೀಲರ್ ಎಂಬ ತರುಣಿಯಲ್ಲಿ ಕರ್ಕನು ಅನುರಕ್ತನಾಗುತ್ತಾನೆ. ಆದರೆ ಆಕೆ ಬದುಕಿದರೆ ಶಾಂತಿಚಳುವಳಿಯನ್ನು ಕಟ್ಟಿ ಅಮೆರಿಕದ ಯುದ್ಧಪ್ರವೇಶವನ್ನು ತಡೆಯುವಳು. ಆ ಅವಕಾಶದಲ್ಲಿ ಜರ್ಮನಿಯು ಪರಮಾಣು ಬಾಂಬನ್ನು ಸಾಧಿಸಿ ಜಗತ್ತನ್ನು ಗೆಲ್ಲುವುದು. ಆದ್ದರಿಂದ ಆಕೆ ಸಾಯಬೇಕು. ಕೊನೆಯಲ್ಲಿ ಆಕೆ ರಸ್ತೆ ದಾಟುತ್ತಿರುವಾಗ ಲಾರಿಯೊಂದು ಬರುತ್ತದೆ. ರಕ್ಷಿಸಲು ಹೊರಟ ವೈದ್ಯನನ್ನು ಕರ್ಕನೇ ತಡೆದು ಹಿಡಿಯುತ್ತಾನೆ.

ಕಂತಿನ ಹೃದಯವಿರುವುದು ಒಂದು ಪುಟ್ಟ ಯಂತ್ರದಲ್ಲಿ. 1930ರ ರೇಡಿಯೋ ಕವಾಟಗಳನ್ನೂ ತಂತಿಗಳನ್ನೂ ಹೇಗೋ ಜೋಡಿಸಿ ಸ್ಪಾಕನು ತನ್ನ ದಾಖಲೆಯ ಉಪಕರಣವನ್ನು ಓದಿಸುತ್ತಾನೆ. ಅದರಲ್ಲಿ ಎರಡು ಪತ್ರಿಕೆಗಳು ಕಾಣುತ್ತವೆ. ಒಂದರಲ್ಲಿ, 1930ರ ಅಪಘಾತದಲ್ಲಿ ಕೀಲರಳ ಮರಣವಾರ್ತೆ. ಇನ್ನೊಂದರಲ್ಲಿ, 1936ರಲ್ಲಿ ಅಧ್ಯಕ್ಷ ರೂಸ್ವೆಲ್ಟರೊಡನೆ ಆಕೆಯ ಸಮಾಲೋಚನೆಯ ವಾರ್ತೆ. ಇತಿಹಾಸದ ವಿದ್ಯಾರ್ಥಿಗೆ ಈ ದೃಶ್ಯವನ್ನು ನೋಡಿ ಹೊಟ್ಟೆಕಿಚ್ಚಾಗದೆ ಇರದು. ನಮ್ಮ ದಫ್ತರಗಳಲ್ಲಿ ಯಾವಾಗಲೂ ಒಂದೇ ಪತ್ರಿಕೆ. ಅದರಲ್ಲಿಯೂ ಅರ್ಧ ಗೆದ್ದಲಿನ ಪಾಲು. ಕಥೆಯ ಕಾಲದ್ವಾರವು ಕಲ್ಲಿನದಾದರೂ ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. 1430ರಲ್ಲಿ ಎದ್ದುನಿಂತ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಲ್ಲುಗಳು ಶಾಸನದಲ್ಲಿ ಕೊರೆದಷ್ಟನ್ನೇ ನುಡಿಯುತ್ತವೆ. ಏನಾಗಿದ್ದರೆ ಏನಾಗುತ್ತಿತ್ತೆಂದು ಕೇಳಿದರೆ ಮೌನ.

ಎರಡನೆಯ ಪತ್ರಿಕೆಯಿಲ್ಲದಿದ್ದರೆ ಈ ಕಥೆ ನಿಲ್ಲುವುದೇ ಇಲ್ಲ. ಅದನ್ನು ಬದಿಗಿಟ್ಟು, ಉಳಿದಿರುವ ಆಧಾರಗಳನ್ನಷ್ಟೇ ನೋಡೋಣ. ಯುದ್ಧದಿಂದ ದೂರವಿರಬೇಕೆಂಬ ಭಾವನೆಯನ್ನು ಹುಟ್ಟಿಸಲು ಅಮೆರಿಕದಲ್ಲಿ ಒಬ್ಬ ಕೀಲರಳ ಅಗತ್ಯವಿರಲಿಲ್ಲ. ಆಕೆಯಿಲ್ಲದೆಯೇ 1935ರಿಂದ ತಾಟಸ್ಥ್ಯದ ಶಾಸನಗಳು ಒಂದರ ಮೇಲೊಂದು ಬಂದುವು. ಆ ದೇಶವನ್ನು ಯುದ್ಧಕ್ಕೆ ಎಳೆದುದು 1941ರ ಡಿಸೆಂಬರ್ 7ರ ಪರ್ಲ್ ಹಾರ್ಬರ್ ದಾಳಿ. ನಾಲ್ಕು ದಿನಗಳ ತರುವಾಯ ಜರ್ಮನಿಯೇ ಅಮೆರಿಕದ ಮೇಲೆ ಯುದ್ಧ ಸಾರಿತು. ಗಂಜಿಕೇಂದ್ರದ ತರುಣಿಯೊಬ್ಬಳು ಟೋಕಿಯೋದ ನಿರ್ಣಯವನ್ನು ಹೇಗೆ ತಡೆದಾಳೆಂಬುದನ್ನು ಕಥೆ ಹೇಳುವುದಿಲ್ಲ. ಜರ್ಮನಿಯ ಪರಮಾಣು ಪ್ರಯತ್ನವಾದರೋ ಬಾಂಬಿನ ಹತ್ತಿರಕ್ಕೂ ಬರಲಿಲ್ಲ. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಸ್ಟಾಲಿನ್‌ಗ್ರಾಡಿನ ಹೆಸರೇ ಇಲ್ಲಿಲ್ಲ. ಆ ಯುದ್ಧದಲ್ಲಿ ಸೈನ್ಯ ಸೇರಿದ ಸುಮಾರು 25 ಲಕ್ಷ ಭಾರತೀಯರನ್ನು ಈ ಕಂತಿನ ಲೇಖಕರು ನೆನೆಯಬೇಕೆಂದು ನಾವು ಅಪೇಕ್ಷಿಸುವುದಿಲ್ಲ. ಆದರೂ ಜಗತ್ತಿನ ಭವಿಷ್ಯವೆಲ್ಲ ಅಮೆರಿಕದ ಒಂದು ಬೀದಿಯ ತಿರುವಿನಲ್ಲಿತ್ತೆಂಬುದನ್ನು ಒಪ್ಪಲಾಗದು.

ಕಥೆಗೆ ಇಷ್ಟು ಸ್ವಾತಂತ್ರ್ಯ ಸಲ್ಲಬೇಡವೇ ಎಂದು ಕೇಳುವವರುಂಟು. ಸಲ್ಲಬೇಕು. ಆದರೆ ಯಾವ ಅಭಿಪ್ರಾಯದ ಸೇವೆಗಾಗಿ ಎಂಬುದನ್ನು ನೋಡಬೇಡವೇ? ಆಕೆಯ ಮಾತು ಸತ್ಯ, ಆದರೆ ಕಾಲ ತಪ್ಪು, ಎಂಬುದು ಇಲ್ಲಿಯ ನಿರ್ಣಯ. ಈ ಕಂತು ಪ್ರಸಾರವಾಗುವುದಕ್ಕೆ ಎರಡೇ ದಿನ ಮುಂಚೆ, 1967ರ ಏಪ್ರಿಲ್ 4ರಂದು, ಅದೇ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗರು ವಿಯೆಟ್ನಾಮ್ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ್ದರು. ಒಂದಕ್ಕೊಂದು ಕಾರ್ಯಕಾರಣ ಸಂಬಂಧವಿಲ್ಲ. ಕಂತು ಮೊದಲೇ ಸಿದ್ಧವಾಗಿತ್ತು. ಆದರೂ ಶಾಂತಿಯ ಮಾತಿಗೆ ಕಾಲ ಸರಿಯಿಲ್ಲವೆಂಬ ಆಕ್ಷೇಪವು ಆ ವಾರದ ಪ್ರೇಕ್ಷಕರಿಗೆ ಹೊಸದಾಗಿರಲಾರದು.

ನೋಡಿದ ಮೇಲೆ ನಡೆದ ಚರ್ಚೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ನಮ್ಮನ್ನು ಅಮೆರಿಕದಿಂದ ಊರಿಗೆ ಎಳೆದು ತಂದಿತು. “ಕಲ್ಯಾಣಪ್ಪನ ಕಾಟಕಾಯಿಯ ಪಾಠದಲ್ಲಿ ತಾವೂ ‘ಅನಿವಾರ್ಯ’ ಎಂದಿರಲ್ಲ ಸರ್, ಯಾರಿಗೆ ಅನಿವಾರ್ಯ?” ಎಂದಳು. ನಾವು ಹಾಗೆ ಹೇಳಿದ್ದುದು ನಿಜ. 1834ರಲ್ಲಿ ಕೊಡಗು ಕಂಪೆನಿಯ ವಶವಾಗಿ ಅಮರಸುಳ್ಯ, ಪುತ್ತೂರು ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದುವು. ಹಿಂದೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ರೈತರು ನಗದಾಗಿ ತೆರಬೇಕಾಯಿತು. 1837ರ ಏಪ್ರಿಲಿನಲ್ಲಿ ದಂಗೆಯವರು ಬಂಟ್ವಾಳದ ಮೇಲಿಂದ ಇಳಿದು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಆಳಿದರು. ಸಮುದ್ರದ ಮೇಲೆ ಕಂಪೆನಿಯ ಸೈನ್ಯ ಬಂದಿತು. ಲಕ್ಷ್ಮಪ್ಪ ಬಂಗರಸನೇ ಮೊದಲಾದವರನ್ನು ಗಲ್ಲಿಗೇರಿಸಿದರು. ಬಲಾಬಲಗಳನ್ನು ತೂಗಿ ಸೋಲು ಅನಿವಾರ್ಯವಾಗಿತ್ತೆಂದು ಪಾಠ ಮಾಡಿದ ನಾವು, ಆ ಒಂದು ಶಬ್ದದ ನೆರಳಿನಲ್ಲಿ ಗಲ್ಲುಗಳನ್ನೂ ಅನಿವಾರ್ಯದ ಪಟ್ಟಿಗೇ ಸೇರಿಸಿಬಿಟ್ಟಿದ್ದೆವು. ಕಂದಾಯವನ್ನು ನಗದಾಗಿ ಕೇಳಿದುದು ಒಂದು ಕಚೇರಿಯ ನಿರ್ಣಯ. ನೇಣು ಹಾಕಿದುದು ಮತ್ತೊಂದರದು. ಅಲ್ಲಿ ಕುಳಿತಿದ್ದವರು ಬೇರೆ ಮಾಡಬಹುದಾಗಿತ್ತು. ಮಾಡಿದ್ದರೆ ಏನಾಗುತ್ತಿತ್ತೆಂಬ ಪತ್ರಿಕೆ ನಮ್ಮ ಬಳಿಯಿಲ್ಲ. ಅದಿಲ್ಲದೆ ‘ಅನಿವಾರ್ಯ’ ಎನ್ನುವ ಅಧಿಕಾರವೂ ನಮಗಿಲ್ಲ. ಆ ಪಾಠದ ಟಿಪ್ಪಣಿಯನ್ನು ತಿದ್ದಿದ್ದೇವೆ.

ಕಂತಿನ ಕೊನೆಯ ಗಳಿಗೆಯನ್ನು ಮಾತ್ರ ಮನಸಾರೆ ಮೆಚ್ಚಬೇಕು. ಎಲ್ಲವೂ ಮೊದಲಿನಂತಾಯಿತೆಂದು ಕಾಲದ್ವಾರವು ಘೋಷಿಸಿ ಮತ್ತಷ್ಟು ಪ್ರಯಾಣಗಳ ಆಮಿಷ ಒಡ್ಡಿದಾಗ, ಕರ್ಕನು ಉಪದೇಶವನ್ನಾಗಲಿ ಸಮಾಧಾನವನ್ನಾಗಲಿ ನುಡಿಯದೆ, ಇಲ್ಲಿಂದ ತೊಲಗೋಣವೆಂದು ಒರಟಾಗಿ ಆಜ್ಞಾಪಿಸುತ್ತಾನೆ. ಜೋನ್ ಕಾಲಿನ್ಸರ ಕೀಲರ್ ಅಷ್ಟು ಜೀವಂತಳಾಗಿರುವುದರಿಂದಲೇ ಆ ಒರಟುತನ ನಮ್ಮನ್ನು ತಾಗುತ್ತದೆ. ಎಲಿಸನ್ ಮೊದಲು ಬರೆದ ಪ್ರತಿಯಲ್ಲಿಯಾದರೋ ನಾಯಕನಿಗೆ ಆಕೆಯನ್ನು ಸಾಯಗೊಡುವ ಮನಸ್ಸೇ ಬಾರದು, ಅಡ್ಡಬರುವವನು ಸ್ಪಾಕ್. ಮುಂದೆ ಪುಸ್ತಕರೂಪದಲ್ಲಿಯೂ ಬಂದ ಆ ಪ್ರತಿಯನ್ನು ಈ ಕಂತಿನೊಡನೆ ಇಟ್ಟು ಓದುವುದು ವಿದ್ಯಾರ್ಥಿಗಳಿಗೆ ಪ್ರಯೋಜನಕರವೆಂದು ನಮಗೆ ತೋರುತ್ತದೆ.