ಡೇಟಾಬೇಸೂ ಒಂದು ಸಂಪಾದನೆ: ‘ಸೊನ್ನಲಿಗೆ’ ಹುಡುಕಿದಾಗ ಕಂಡದ್ದು



ಸಿದ್ಧರಾಮನ ವಚನಗಳನ್ನು ಹುಡುಕಲು ಒಂದು ಸಣ್ಣ ಜಾವಾ ಅಪ್ಲಿಕೇಶನ್ ಕಟ್ಟಿದೆ. ಅದನ್ನಿಲ್ಲಿ ಒಂದು ಸಂಪಾದಿತ ಪಠ್ಯ ಅಂತಲೇ ಎದುರಿಗಿಟ್ಟು ವಿಮರ್ಶೆ ಮಾಡುತ್ತೇನೆ.

ರಚನೆ ಸರಳ. ಬ್ರೌಸರಿನಲ್ಲಿ ಬರೆದ ಪದವನ್ನು ಟಾಮ್‌ಕ್ಯಾಟ್ ಸರ್ವರ್ ಸರ್ವ್ಲೆಟ್‌ಗೆ ಒಪ್ಪಿಸುತ್ತದೆ. ಸರ್ವ್ಲೆಟ್ ಜೆಡಿಬಿಸಿ ಮೂಲಕ ಮೈಎಸ್‌ಕ್ಯೂಎಲ್ ಕೋಷ್ಟಕದಲ್ಲಿ ಹುಡುಕಿ, ಸಿಕ್ಕ ದಾಖಲೆಗಳನ್ನು ಪುಟವಾಗಿ ಮರಳಿಸುತ್ತದೆ. ಕೋಷ್ಟಕಕ್ಕೆ ಐದು ಕಲಂ: ಕ್ರಮಸಂಖ್ಯೆ, ವಚನಕಾರ, ಅಂಕಿತ, ಸ್ಥಳ, ಪಠ್ಯ.

‘ಸೊನ್ನಲಿಗೆ’ ಅಂತ ಹುಡುಕಿದೆ. ಸಿಕ್ಕದ್ದು ಸೊನ್ನೆ! ನಾನೇ ಟೈಪು ಮಾಡಿದ ಪದ ಅದು. ಕಾರಣ ಲಿಪಿಯಲ್ಲೇ ಇತ್ತು. ಯೂನಿಕೋಡಿನಲ್ಲಿ ‘ಸೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ದಾಖಲೆ ಸೇರಿಸುವಾಗಲೂ ಹುಡುಕುವಾಗಲೂ ಜಾವಾದ ನಾರ್ಮಲೈಸರ್ ಹಾಕಿದ ಮೇಲೆ ಅದು ಸರಿಹೋಯಿತು.

ಎರಡನೆಯ ತೊಡಕು ಹಾಗೆ ಸರಿಹೋಗುವಂಥದ್ದಲ್ಲ. ಸೊನ್ನಲಿಗೆ, ಸೊನ್ನಲಾಪುರ, ಸೊಲ್ಲಾಪುರ ಎಲ್ಲ ಒಂದೇ ಊರು. ಮರಾಠಿ ಬರಹದಲ್ಲಿ ಒ, ಓ ಭೇದವಿಲ್ಲ; ಅಲ್ಲಿಂದ ಎತ್ತಿಕೊಂಡರೆ ‘ಸೋಲಾಪುರ’ ಆಗುತ್ತದೆ. ಇವನ್ನೆಲ್ಲ ಒಂದೇ ರೂಪಕ್ಕೆ ತಂದರೆ ಹುಡುಕಾಟ ಸುಲಭ, ಆದರೆ ಪಾಠಾಂತರ ಅಳಿಯುತ್ತದೆ. ಹಾಗಾಗಿ ರೂಪಾಂತರಗಳಿಗೆ ಬೇರೆ ಕೋಷ್ಟಕ ಮಾಡಿ ಮೂಲ ದಾಖಲೆಗೆ ಜೋಡಿಸಬೇಕು.

ಮೂರನೆಯದು ನನ್ನದೇ ತಪ್ಪು. ‘ವಚನಕಾರ’ ಕಲಂ ಖಾಲಿ ಬಿಡುವಂತಿಲ್ಲ ಎಂದು ನಿಯಮ ಹಾಕಿದ್ದೆ. ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತ ಪಠ್ಯದೊಳಗಿನ ಸಾಕ್ಷಿ. ‘ಸಿದ್ಧರಾಮ’ ಎಂಬುದು ಅದರಿಂದ ಸಂಪಾದಕರು ಮಾಡಿದ ನಿರ್ಣಯ. ನನ್ನ ಕೋಷ್ಟಕದಲ್ಲಿ ಎರಡಕ್ಕೂ ಒಂದೇ ತೂಕ. ಅಂಕಿತ ಮಾತ್ರ ಉಳಿದು ಹೆಸರು ತಿಳಿಯದ ವಚನಕಾರರು ನಮ್ಮಲ್ಲಿ ಅನೇಕರಿದ್ದಾರೆ. ಅವರ ವಚನ ಸೇರಿಸಬೇಕಾದರೆ ನನ್ನ ಪ್ರೋಗ್ರಾಂ ಸುಳ್ಳು ಹೆಸರು ಕೇಳುತ್ತದೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿ ಇಂಥವರಿಗೂ ಜಾಗವಿದೆ. ನನ್ನ ಐದು ಕಲಂಗಳಲ್ಲಿ ಇರಲಿಲ್ಲ.

ನಮ್ಮೂರು ಭಂಡಾರಕವಠೆಯಲ್ಲಿ ಮನೆಮಾತು ಕನ್ನಡ, ಕಚೇರಿ ಕಾಗದ ಮರಾಠಿ. ಹೆಸರು ಒಂದಕ್ಷರ ಬದಲಾದರೆ ‘ದಾಖಲೆ ಇಲ್ಲ’ ಅನ್ನಿಸಿಕೊಳ್ಳುವುದು ನಮಗೆ ಹೊಸದಲ್ಲ. ಪುಸ್ತಕದ ತಪ್ಪು ಓದುಗನಿಗೆ ಕಾಣುತ್ತದೆ, ತಿದ್ದಿಕೊಳ್ಳುತ್ತಾನೆ. ಡೇಟಾಬೇಸಿನ ತಪ್ಪು ‘ಇಲ್ಲ’ ಅಂದು ಸುಮ್ಮನಾಗುತ್ತದೆ, ಓದುಗ ಅದನ್ನೇ ನಂಬಿ ಹೋಗುತ್ತಾನೆ.

ಆದ್ದರಿಂದ ಕೋಷ್ಟಕದ ವಿನ್ಯಾಸವನ್ನು ಪೂರ್ತಿ ಎಂಜಿನಿಯರಿಗೆ ಬಿಡಬಾರದು. ಗ್ರಂಥಸಂಪಾದನೆ ಓದಿದವರೂ ಜೊತೆಗೆ ಕೂಡಬೇಕು. ಯಾವ ಕಲಂ ಖಾಲಿ ಇರಬಹುದು ಎಂಬುದನ್ನು ಯಾರು ತೀರ್ಮಾನಿಸಬೇಕು? ಚರ್ಚೆ ಇಲ್ಲಿಂದ ಶುರುವಾಗಲಿ.