ಎಣಿಕೆ ಮತ್ತು ಓದು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ ೧೪೪. ಆರ್. ನರಸಿಂಹಾಚಾರ್ಯರು ಅದೇ ಸಂಪುಟವನ್ನು ಪರಿಷ್ಕರಿಸಿ ೧೯೨೩ರಲ್ಲಿ ಹೊರತಂದಾಗ ಅದು ೫೦೦ಕ್ಕೆ ಏರಿತು. ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಶಾಸನಗಳು ೧೯೦೨ರ ಐದನೆಯ ಸಂಪುಟದಲ್ಲಿಯೇ ಬಂದಿದ್ದವು. ಈ ಅಂಕೆಗಳನ್ನು ಮುಂದಿಟ್ಟುಕೊಂಡು ಒಬ್ಬರ ವಿದ್ವತ್ತು ಇನ್ನೊಬ್ಬರದಕ್ಕಿಂತ ಮೂರುಮಡಿ ಮಿಗಿಲೆಂದು ಹೇಳುವವರು ಯಾರೂ ಇಲ್ಲ. ಸವೆದ ಅಕ್ಷರವನ್ನು ಒಬ್ಬರು ಸರಿಯಾಗಿ ಓದಿದರೋ ಇಲ್ಲವೋ ಎಂಬುದನ್ನು ಬಲ್ಲ ಇನ್ನೊಬ್ಬರು ಮರಳಿ ಓದಿಯೇ ನಿರ್ಣಯಿಸಬೇಕು.

ಕಾಲೇಜು ಅಧ್ಯಾಪಕರ ಸಂಶೋಧನೆಗೆ ನಾವು ಬೆಲೆ ಕಟ್ಟುತ್ತ ಬಂದಿರುವುದು ಹೀಗಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೦ರಲ್ಲಿ ಅಂಕಪದ್ಧತಿಯನ್ನು ತಂದಿತು. ೨೦೧೮ರ ನಿಯಮಾವಳಿಯು ಭಾಷಾವಿಷಯಗಳ ಒಂದು ಲೇಖನಕ್ಕೆ ೧೦ ಅಂಕವನ್ನೂ, ರಾಷ್ಟ್ರಮಟ್ಟದ ಪ್ರಕಾಶಕರ ಒಂದು ಇಡೀ ಗ್ರಂಥಕ್ಕೆ ಅಷ್ಟನ್ನೇ, ಗ್ರಂಥದ ಅನುವಾದಕ್ಕೆ ೮ನ್ನೂ ಗೊತ್ತುಮಾಡಿತು. ಇಬ್ಬರು ಕೂಡಿ ಬರೆದರೆ ತಲಾ ನೂರಕ್ಕೆ ೭೦; ಅಂದರೆ ೧೦ ಅಂಕದ ಲೇಖನ ಇಬ್ಬರ ಕೈ ಸೇರಿ ೧೪ ಆಗುತ್ತದೆ. ಗಣಿತದ ಅಧ್ಯಾಪಕರು ಇದನ್ನು ಹೇಗೆ ಸಹಿಸಿದರೋ! ಅರಕಲಗೂಡಿನ ಅಧ್ಯಾಪಕರೊಬ್ಬರು ಮೂರು ವರ್ಷ ಊರೂರು ಅಲೆದು ವೀರಗಲ್ಲುಗಳನ್ನು ಓದಿ ಒಂದು ಗ್ರಂಥ ಬರೆದರೆನ್ನೋಣ. ಕುಳಿತಲ್ಲೇ ಎರಡು ಲೇಖನ ಹೊಸೆದವರ ಅರ್ಧದಷ್ಟೇ ಅವರ ಪಾಲಿಗೆ. ಎಣಿಕೆಗಾಗಿಯೇ ಪತ್ರಿಕೆಗಳೂ ಹುಟ್ಟಿದವು. ೨೦೧೮ರ ಮೇ ತಿಂಗಳಲ್ಲಿ ಆಯೋಗವೇ ೪,೩೦೫ ಪತ್ರಿಕೆಗಳನ್ನು ತನ್ನ ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಅನಂತರ ಬಂದ 'ಕೇರ್' ಪಟ್ಟಿಯನ್ನೂ ೨೦೨೫ರಲ್ಲಿ ಕೈಬಿಟ್ಟು, ಪತ್ರಿಕೆಗಳ ಯೋಗ್ಯತೆಯನ್ನು ಅಳೆಯುವ ಹೊಣೆಯನ್ನು ಸಂಸ್ಥೆಗಳಿಗೇ ಒಪ್ಪಿಸಲಾಯಿತು.

ಹಾಗೆಂದು ಸಮಾನವಿದ್ವಾಂಸರ ವಿಮರ್ಶೆಯನ್ನೇ ಕಣ್ಣುಮುಚ್ಚಿ ನಂಬೋಣವೆ? ಕನ್ನಡ ಶಾಸನಶಾಸ್ತ್ರದ ಬಳಗ ಚಿಕ್ಕದು. ಪರೀಕ್ಷಕರು ಅಭ್ಯರ್ಥಿಯ ಗುರುಗಳೋ, ಸಹಪಾಠಿಗಳೋ, ಹಳೆಯ ವಾದದ ಎದುರಾಳಿಗಳೋ ಆಗಿರುವ ಸಂಭವವೇ ಹೆಚ್ಚು. ಹೇಳಿಕೊಳ್ಳುವವರಿಲ್ಲದ ತಾಲ್ಲೂಕು ಕಾಲೇಜಿನ ಕಿರಿಯರಿಗೆ ಅಂಕಪಟ್ಟಿಯೇ ಆಸರೆಯೆಂಬುದನ್ನು ನಾವು ಮರೆಯಬಾರದು. ಅದನ್ನು ಅಳಿಸಿದರೆ ಲಾಭ ಪಡೆಯುವವರು ಪ್ರತಿಭಾವಂತರಲ್ಲ, ಪರಿಚಯವುಳ್ಳವರು.

ಬ್ರಿಟನ್ನಿನ ಸಂಶೋಧನಾ ಮೌಲ್ಯಮಾಪನದಲ್ಲಿ ವಿದ್ವಾಂಸರ ಮಂಡಲಿಗಳು ಕೃತಿಗಳನ್ನೇ ಪರಿಶೀಲಿಸುತ್ತವೆ. ಉಲ್ಲೇಖಗಳ ಸಂಖ್ಯೆ ಕೆಲವು ವಿಷಯಗಳಲ್ಲಿ ಮಾತ್ರ, ಅದೂ ನೆರವಾಗಿ ಬರುತ್ತದೆ. ನಮ್ಮಲ್ಲಿಯೂ ಅಂಕ ಬಾಗಿಲವರೆಗೆ ಬರಲಿ, ಒಳಗೆ ಬೇಡ. ಅಭ್ಯರ್ಥಿ ತಾನೇ ಆರಿಸಿದ ಎರಡು ಕೃತಿಗಳನ್ನು, ಒಬ್ಬರಾದರೂ ಬೇರೆ ವಿಶ್ವವಿದ್ಯಾನಿಲಯದವರಿರುವ ಮೂವರು ಓದಲಿ. ಅವರ ಅಭಿಪ್ರಾಯ ಬರಹದಲ್ಲಿದ್ದು ಅಭ್ಯರ್ಥಿಯ ಕೈಗೆ ಸಿಗಲಿ. ಇಷ್ಟನ್ನು ಓದಲು ಹಿರಿಯರಿಗೆ ಬಿಡುವೆಲ್ಲಿ ಎಂಬ ಆಕ್ಷೇಪ ಬರುವುದು ನಿಶ್ಚಯ. ಎರಡು ಕೃತಿಗಳನ್ನು ಓದಲು ಬಿಡುವಿಲ್ಲದವರು ಆಯ್ಕೆಸಮಿತಿಯಲ್ಲಿ ಕೂರಲು ಬಿಡುವು ಮಾಡಿಕೊಳ್ಳುವುದನ್ನು ನಾವು ಬಲ್ಲೆವು.