ಟಾರ್ಜನ್‌ನ ಕಾಡಿನಲ್ಲಿ ಸೇಡು ಯಾರ ಹಕ್ಕು?

ಟಾರ್ಜನ್ ಗೊತ್ತಿಲ್ಲದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಪುಸ್ತಕ ಓದದಿದ್ದರೂ ಸಿನಿಮಾ ನೋಡಿರ್ತೀರಿ. ಅದೂ ಇಲ್ಲದಿದ್ದರೆ ಚಿಕ್ಕಂದಿನಲ್ಲಿ ಮಾವಿನ ಕೊಂಬೆಗೆ ಜೋತುಬಿದ್ದು ಆ ಕೂಗನ್ನಂತೂ ಕೂಗಿರ್ತೀರಿ. ನಾನೂ ಕೂಗಿದವನೇ. ಆದರೆ ಎಡ್ಗರ್ ರೈಸ್ ಬರೋಸ್ ಬರೆದ ಮೂಲ ಕಾದಂಬರಿಯನ್ನು ಸಮಾಧಾನವಾಗಿ ಓದಿದ್ದು ಇತ್ತೀಚೆಗೆ, ಗುಜರಾತಿನ ರೈಲಿನಲ್ಲಿ. ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ಭಾನುವಾರ ನಡೆಯುವ ಗುಜರಿ ಬಜಾರಿನಲ್ಲಿ, ಹಳೆ ಪುಸ್ತಕಗಳ ರಾಶಿಯಲ್ಲಿ ಅದು ಸಿಕ್ಕಿತ್ತು. ವಡೋದರಾ ದಾಟಿ ಸೂರತ್ ಮುಟ್ಟುವಷ್ಟರಲ್ಲಿ ಬಹುಪಾಲು ಓದಿದ್ದೆ. ಖುಷಿಗಿಂತ ಕಸಿವಿಸಿಯೇ ಹೆಚ್ಚಾಯಿತು. ಯಾಕೆ ಅಂತ ನಿಮಗೆ ಹೇಳಬೇಕು.

ಕಾಡಿನ ಸಾಹಸ ಕತೆಗಳಲ್ಲಿ ಮೂರು ಸಂಗತಿ ಇದ್ದೇ ಇರ್ತವೆ: ಗಂಡಾಂತರ, ನಿಷ್ಠೆ, ಸೇಡು. ಗಂಡಾಂತರ ಎಲ್ಲರಿಗೂ ಬರುತ್ತದೆ. ಉಳಿದೆರಡನ್ನು ಲೇಖಕ ಯಾರ್ಯಾರಿಗೆ ಹಂಚುತ್ತಾನೆ ಅನ್ನೋದನ್ನು ಗಮನಿಸಬೇಕು. 1912ರಲ್ಲಿ ಪತ್ರಿಕೆಯಲ್ಲಿ ಬಂದು 1914ರಲ್ಲಿ ಪುಸ್ತಕವಾದ 'ಟಾರ್ಜನ್ ಆಫ್ ದಿ ಏಪ್ಸ್'ನಲ್ಲಿ ಈ ಹಂಚಿಕೆ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೇನೆ. ಆಫ್ರಿಕಾಕ್ಕೆ ಕಾಲಿಡದೆಯೇ ಬರೋಸ್ ಈ ಕಾಡನ್ನು ಕಟ್ಟಿದ. ಮರಿ ಕಳೆದುಕೊಂಡ ಕಾಲಾ ಎಂಬ ಹೆಣ್ಣು ವಾನರ, ಅಪ್ಪ ಅಮ್ಮ ಇಲ್ಲದ ಬಿಳಿಯ ಕೂಸನ್ನು ಎದೆಗವಚಿಕೊಂಡು ಸಾಕುವ ಭಾಗ ಇಂದಿಗೂ ಮನಸ್ಸಿಗೆ ತಟ್ಟುತ್ತದೆ. ಆ ಕಾಲಾಳನ್ನು ಕುಲೋಂಗ ಎಂಬ ಆಫ್ರಿಕನ್ ಯುವಕ ವಿಷದ ಬಾಣದಿಂದ ಕೊಲ್ಲುತ್ತಾನೆ. ಟಾರ್ಜನ್ ಅವನ ಬೆನ್ನು ಹತ್ತಿ, ಮರದ ಮೇಲಿಂದ ಕುಣಿಕೆ ಬೀಸಿ ಎಳೆದು, ಚೂರಿಯಿಂದ ಇರಿದು ಸೇಡು ತೀರಿಸಿಕೊಳ್ಳುತ್ತಾನೆ. ತಾಯಿಗಾಗಿ ಮಗನ ಸೇಡು. ಓದುವ ನಾವು ಮಗನ ಕಡೆಗೇ ಇರ್ತೀವಿ. ಕುಲೋಂಗ ಬೇಟೆಗೆ ಬಂದವನು, ಅವನ ಕಣ್ಣಿಗೆ ಕಾಲಾ ಒಂದು ಕಾಡುಪ್ರಾಣಿ ಅನ್ನುವುದು ಆಗ ನಮ್ಮ ತಲೆಗೆ ಬರೋದೇ ಇಲ್ಲ. ಸೇಡು ಅಲ್ಲಿಗೇ ನಿಲ್ಲುವುದೂ ಇಲ್ಲ. ಕುಲೋಂಗನ ಅಪ್ಪ ಎಂಬೊಂಗನ ಹಳ್ಳಿಗೆ ಹೋಗಿ ಬಾಣ ಕದಿಯುವುದು, ಹೆದರಿಸುವುದು, ಆಗೊಬ್ಬ ಈಗೊಬ್ಬನನ್ನು ಕೊಲ್ಲುವುದು ಟಾರ್ಜನ್‌ಗೆ ಆಟವಾಗಿಬಿಡುತ್ತದೆ.

ಈ ಹಳ್ಳಿಯವರು ಯಾರು? ಅದನ್ನು ಬರೋಸ್ ತಾನೇ ಹೇಳುತ್ತಾನೆ. ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್‌ನ ಕಾಂಗೋದಲ್ಲಿ, ರಬ್ಬರು ಮತ್ತು ಆನೆದಂತಕ್ಕಾಗಿ ಕೊಡುತ್ತಿದ್ದ ಹಿಂಸೆ ತಾಳಲಾರದೆ ತಿರುಗಿಬಿದ್ದು ಓಡಿಬಂದವರು. ಇವತ್ತಿನ ಮಾತಿನಲ್ಲಿ ನಿರಾಶ್ರಿತರು. ಅವರು ಫ್ರೆಂಚ್ ಅಧಿಕಾರಿ ಡಾರ್ನೋನನ್ನು ಹಿಡಿದು ಕಂಬಕ್ಕೆ ಕಟ್ಟಿ ಹಿಂಸಿಸುವಾಗ, ಆ ಕ್ರೌರ್ಯಕ್ಕೆ ಲಿಯೊಪೋಲ್ಡ್‌ನ ಜನರ ಅನ್ಯಾಯದ ನೆನಪೂ ಕಾರಣ ಅಂತ ಲೇಖಕ ಒಂದು ಮಾತು ಬರೆದು ಮುಂದೆ ಹೋಗುತ್ತಾನೆ. ಟಾರ್ಜನ್‌ನ ಸೇಡಿಗೆ ತಾಯಿಪ್ರೀತಿ ಅಂತ ಹೆಸರು. ಇವರ ಸೇಡಿಗೆ ಕಾಡುತನ ಅಂತ ಹೆಸರು.

ಮುಂದಿನದು ಇನ್ನೂ ಘೋರ. ಡಾರ್ನೋನನ್ನು ಟಾರ್ಜನ್ ಆಗಲೇ ಬಿಡಿಸಿಕೊಂಡು ಹೋಗಿರುತ್ತಾನೆ. ಅದು ಗೊತ್ತಿಲ್ಲದ ಫ್ರೆಂಚ್ ನಾವಿಕರು ಆಮೇಲೆ ಹಳ್ಳಿಯ ಮೇಲೆ ಬೀಳುತ್ತಾರೆ. ಡಾರ್ನೋನ ಬಟ್ಟೆಯ ತುಂಡುಗಳು ಅಲ್ಲಿಯವರ ಮೈಮೇಲೆ ಕಂಡದ್ದೇ ಸಾಕ್ಷಿಯಾಗುತ್ತದೆ. ಎದುರು ನಿಲ್ಲಲು ಒಬ್ಬ ಯೋಧನೂ ಉಳಿಯದಷ್ಟು ಕೊಲ್ಲುತ್ತಾರೆ. ಸತ್ತಿಲ್ಲದವನ ಸಾವಿಗೆ ಸೇಡು! ಕಾದಂಬರಿ ಆ ಹೆಣಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈ ಪುಟಗಳಿಗೆ ಬರುವಾಗ ನಮ್ಮ ರೈಲು ವಡೋದರಾದಲ್ಲಿ ನಿಂತಿತ್ತು. 2002ರ ಮಾರ್ಚ್ 1ರ ರಾತ್ರಿ ಇದೇ ಊರಿನ ಬೆಸ್ಟ್ ಬೇಕರಿಗೆ ಬೆಂಕಿ ಹಚ್ಚಿದರು, 14 ಜನ ಸತ್ತರು. ಅದರ ಹಿಂದಿನ ದಿನ ಅಹಮದಾಬಾದಿನ ನರೋಡಾ ಪಾಟಿಯಾದ ಹತ್ಯಾಕಾಂಡ ನಡೆದಿತ್ತು. ಗೋಧ್ರಾದಲ್ಲಿ ರೈಲು ಬೋಗಿಯಲ್ಲಿ 59 ಜನ ಸುಟ್ಟು ಸತ್ತ ಸಂಕಟ ಸಣ್ಣದಲ್ಲ. ಆದರೆ ಬೇಕರಿಯೊಳಗಿದ್ದವರಿಗೂ ಅದಕ್ಕೂ ಏನು ಸಂಬಂಧ? ಟಾರ್ಜನ್ ಓದಿ ಯಾರೂ ಬೆಂಕಿ ಹಚ್ಚಲಿಲ್ಲ, ಅಷ್ಟು ಸುಲಭದ ಮಾತು ನಾನು ಹೇಳೋದಿಲ್ಲ. ಆದರೆ ಒಬ್ಬನ ಲೆಕ್ಕವನ್ನು ಇಡೀ ಊರಿನಿಂದ ವಸೂಲು ಮಾಡುವುದನ್ನು ರೋಚಕವಾಗಿ ಓದಿ ರೂಢಿಯಾದ ಮನಸ್ಸು ನಮ್ಮೆಲ್ಲರಲ್ಲೂ ಇದೆ. ನನ್ನಲ್ಲೂ ಇತ್ತು.

ಇನ್ನು ನಿಷ್ಠೆ. 1913ರ 'ದಿ ರಿಟರ್ನ್ ಆಫ್ ಟಾರ್ಜನ್'ನಲ್ಲಿ ವಾಜಿರಿ ಎಂಬ ಆಫ್ರಿಕನ್ ಬುಡಕಟ್ಟು ಬರುತ್ತದೆ. ಧೈರ್ಯವಂತರು, ಮಾತಿಗೆ ತಪ್ಪದವರು. ಅವರು ತಮ್ಮ ಊರಿಗಾಗಿ ಹೋರಾಡುವಾಗಲೂ ಉಪಾಯ ಹೇಳಿಕೊಡುವವನು ಟಾರ್ಜನ್. ನಾಯಕ ಸತ್ತ ಮೇಲೆ ಅವರ ದೊರೆಯಾಗುವವನೂ ಅವನೇ. ಓಪಾರ್ ನಗರದ ಚಿನ್ನವನ್ನು ಅವರು ಹೊರುತ್ತಾರೆ, ಶ್ರೀಮಂತನಾಗುವವನು ಅವನು. ಉಪ್ಪಿನ ಋಣ ಅಂತೀವಲ್ಲ, ಇಲ್ಲಿ ಉಪ್ಪು ಅವರದೇ, ಋಣವೂ ಅವರ ಮೇಲೇ!

ಅದೇ ಕಾದಂಬರಿಯಲ್ಲಿ ವಾಜಿರಿಗಳ ಮೇಲೆ ದಾಳಿ ಮಾಡುವವರು ದಂತಕ್ಕಾಗಿ ಬಂದ ಅರಬರು. 1916ರ 'ಟಾರ್ಜನ್ ಅಂಡ್ ದಿ ಜ್ಯುವೆಲ್ಸ್ ಆಫ್ ಓಪಾರ್'ನಲ್ಲಿ ಖಳ ಅಹ್ಮತ್ ಝೆಕ್. ನಮ್ಮವರನ್ನೇ ಯಾಕೆ ಕೆಟ್ಟವರನ್ನಾಗಿ ತೋರಿಸ್ತಾರೆ ಅಂತ ಇಲ್ಲಿ ಸಿಟ್ಟಾಗೋದು ಸುಲಭ. ನನಗೂ ಆಯಿತು. ಆದರೆ ಝಂಜಿಬಾರಿನ ಗುಲಾಮರ ವ್ಯಾಪಾರ ಬರೋಸ್‌ನ ಕಲ್ಪನೆ ಅಲ್ಲ. ಟಿಪ್ಪು ಟಿಪ್ ಎಂಬ ಝಂಜಿಬಾರಿ ವ್ಯಾಪಾರಿ ದಂತ ಮತ್ತು ಗುಲಾಮರ ವಹಿವಾಟಿನಲ್ಲಿ ಹೆಸರಾದವನು. ಅವನಿಗೆ ಸಾಲ ಕೊಟ್ಟವನು ಕಚ್ಛ್ ಮೂಲದ ಖೋಜಾ ವ್ಯಾಪಾರಿ ತಾರಿಯಾ ತೋಪನ್. ಲಿಯೊಪೋಲ್ಡ್‌ನ ಪಾಪವನ್ನು ಎತ್ತಿ ತೋರಿಸುವ ನಾವು ಈ ಪಾಲನ್ನೂ ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ನಮ್ಮ ವಿಮರ್ಶೆಯೂ ಇನ್ನೊಂದು ಬಗೆಯ ಸೇಡೇ ಆಗುತ್ತದೆ.

ಆಫ್ರಿಕನ್ನರು ಬರೀ ಹೊರೆ ಹೊತ್ತವರಲ್ಲ ಅನ್ನೋದಕ್ಕೆ ಅಹಮದಾಬಾದಿನಲ್ಲೇ ಸಾಕ್ಷಿ ಇದೆ. ಸಿದಿ ಸೈಯದ್ ಮಸೀದಿಯ ಕಲ್ಲಿನ ಜಾಲಿಯನ್ನು ನೀವು ಚಿತ್ರದಲ್ಲಾದರೂ ನೋಡಿರ್ತೀರಿ. ತಾಳೆಮರ, ಅದನ್ನು ಸುತ್ತಿ ಹಬ್ಬಿದ ಬಳ್ಳಿಯಂಥ ಕೊಂಬೆಗಳು. 1572-73ರಲ್ಲಿ ಅದನ್ನು ಕಟ್ಟಿಸಿದ ಸಿದಿ ಸೈಯದ್ ಅಬಿಸೀನಿಯಾ ಮೂಲದ ಹಬ್ಶಿ. ವಡೋದರಾ ದಾಟಿ ಸೂರತ್ ಕಡೆ ಹೋಗುವಾಗ ಭರೂಚ್ ಜಿಲ್ಲೆಯ ರತನ್‌ಪುರದಲ್ಲಿ, ಅಕೀಕ್ ಕಲ್ಲಿನ ಗುಡ್ಡದ ಮೇಲೆ, ಬಾವಾ ಗೋರ್ ದರ್ಗಾ ಇದೆ. ಅಲ್ಲಿಯ ಸಿದ್ದಿಗಳು ಹೇಳುವ ಕತೆಯಲ್ಲಿ ಗಂಡಾಂತರ ಎದುರಿಸುವವರು ಆಫ್ರಿಕಾದಿಂದ ಬಂದ ಅಣ್ಣತಂಗಿಯರು. ಮಖನ್ ದೇವಿ ಎಂಬ ರಾಕ್ಷಸಿಯನ್ನು ಸೋಲಿಸಲು ಅಣ್ಣಂದಿರಿಂದ ಆಗುವುದಿಲ್ಲ, ತಂಗಿ ಮಾಯಿ ಮಿಸ್ರಾ ಸೋಲಿಸುತ್ತಾಳೆ. ಕೇಳಲು ಚೆಂದ. ಆದರೆ ಸೋತ ರಾಕ್ಷಸಿಯ ಹೆಸರಲ್ಲಿ 'ದೇವಿ' ಇರುವುದನ್ನು ಗಮನಿಸಿ. ಅವಳ ಕಡೆಯಿಂದ ಈ ಕತೆ ಹೇಳುವವರು ಯಾರೂ ಉಳಿದಿಲ್ಲ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳನ್ನು ನೋಡಿ 'ಟಾರ್ಜನ್ ಸಿನಿಮಾದವರ ಹಾಗಿದ್ದಾರೆ' ಅನ್ನುವವರಿಗೆ ಈ ಜಾಲಿ ಮತ್ತು ಈ ಗುಡ್ಡ ಎರಡನ್ನೂ ತೋರಿಸಬೇಕು.

ರೈಲು ಸೂರತ್ ಮುಟ್ಟಿತು. ಈ ಊರಿನಿಂದ ಮುಂಬೈಗೆ ಹೋಗಿ ಹಡಗು ಕಟ್ಟಿದ ವಾಡಿಯಾ ಮನೆತನದ ಹೋಮಿ ವಾಡಿಯಾ 1937ರಲ್ಲಿ 'ತೂಫಾನಿ ಟಾರ್ಜನ್' ಸಿನಿಮಾ ತೆಗೆದರು. ಟಾರ್ಜನ್ ಪಾತ್ರಕ್ಕೆ ಜಾನ್ ಕಾವಸ್ ಬಂದರು, ನಾಯಕ ನಮ್ಮವನಾದ. ಆದರೆ ದಾದಾ ಎಂಬ ನಿಷ್ಠಾವಂತ ಸೇವಕನ ಪಾತ್ರ ಹಾಗೇ ಉಳಿಯಿತು. ನಾಯಕ ಬದಲಾದ ಮಾತ್ರಕ್ಕೆ ಹಂಚಿಕೆ ಬದಲಾಗೋದಿಲ್ಲ.

ಇದೆಲ್ಲ ನೋಡುವಾಗ ನನಗೆ ನಮ್ಮ ಗೋವಿನ ಹಾಡು ನೆನಪಾಗುತ್ತದೆ. ಅಲ್ಲೂ ಕಾಡಿದೆ, ಹುಲಿಯಿದೆ, ಸಾವಿನ ಭಯವಿದೆ. ಪುಣ್ಯಕೋಟಿಯ ನಿಷ್ಠೆ ಯಾವ ಯಜಮಾನನಿಗೂ ಅಲ್ಲ, ತಾನು ಕೊಟ್ಟ ಮಾತಿಗೆ. ಹಸಿದ ಹುಲಿ ಎದುರು ನಿಂತ ಹಸುವನ್ನು ತಿನ್ನುವುದಿಲ್ಲ. ಕೊನೆಗೆ ಹುಲಿ ಸಾಯುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಕೈಗೆ ಸಿಕ್ಕಿದ ಬಲಿಯನ್ನು ಬಿಡುವುದನ್ನೇ ಕತೆಯ ಎತ್ತರದ ಗಳಿಗೆ ಮಾಡಿದ್ದು ಸಣ್ಣ ಸಂಗತಿಯಲ್ಲ.

ಟಾರ್ಜನ್ ಓದಬೇಡಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳಿಗೂ ಕೊಡಿ. ಆದರೆ ಎಂಬೊಂಗನ ಹಳ್ಳಿಯ ಪುಟ ಬಂದಾಗ ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿ: ಡಾರ್ನೋ ಸತ್ತಿರಲಿಲ್ಲ ಅಲ್ವಾ?